ವಕೀಲ ಅಂಬೇಡ್ಕರರನ್ನ ನಾವು ಮರೆತಿದ್ದೀವಿ



ಉದ್ದದ ಪೋಸ್ಟು ಇದು. ಆಫೀಸು ಮುಗಿಸಿ ಬಂದು ಮೂರು ರಾತ್ರಿ ಕೂತು ಬರೆದಿದ್ದೀನಿ, ಪೂರ್ತಿ ಓದಿ. ಬೈಯೋದಿದ್ರೆ ಓದಿದ ಮೇಲೆ ಬೈಯಿರಿ.

ಹೋದ ತಿಂಗಳು ನಮ್ಮ ತಾಲ್ಲೂಕಿನ ಸಭೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಒಂದು ಪ್ರಶ್ನೆ ಕೇಳಿದ. ಲಾ ಮುಗಿಸಿ ಎರಡು ವರ್ಷ ಆಗಿದೆ ಅವನಿಗೆ. "ಅಣ್ಣಾ, ಬಾಬಾಸಾಹೇಬ್ರು ಕರಿಕೋಟು ಹಾಕ್ಕೊಂಡು ನಡೆಸಿದ ಒಂದೇ ಒಂದು ಕೇಸು ಹೇಳಿ ನೋಡೋಣ." ವೇದಿಕೆ ಮೇಲೆ ಏಳು ಜನ ಇದ್ವಿ. ಇಪ್ಪತ್ತು, ಮೂವತ್ತು ವರ್ಷ ಚಳವಳಿ ಮಾಡಿದೋರು. ಪೂನಾ ಒಪ್ಪಂದ, ದುಂಡುಮೇಜಿನ ಸಭೆ, ಕಾಳಾರಾಮ್ ದೇವಸ್ಥಾನ, ನಾಗಪುರದ ದೀಕ್ಷೆ ಎಲ್ಲಾ ನಾಲಿಗೆ ತುದೀಲಿ ಇದೆ. ಕೇಸು ಮಾತ್ರ ಒಬ್ಬರ ಬಾಯಲ್ಲೂ ಬರಲಿಲ್ಲ. ನನ್ನ ಬಾಯಲ್ಲೂ ಬರಲಿಲ್ಲ. ಹಿರಿಯರೊಬ್ಬರು "ಇಡೀ ದೇಶದ ಕೇಸೇ ಅವರು ನಡೆಸಿದ್ದು ಕಣಪ್ಪ" ಅಂದ್ರು, ಚಪ್ಪಾಳೆ ಬಿತ್ತು, ಸಭೆ ಮುಂದಕ್ಕೆ ಹೋಯ್ತು. ಹುಡುಗ ಕೂತುಬಿಟ್ಟ. ಆ ಚಪ್ಪಾಳೆ ನನಗೆ ಮೂರು ದಿನ ನಿದ್ದೆ ಕೊಡಲಿಲ್ಲ.

ಆಮೇಲೆ ಧನಂಜಯ ಕೀರ್ ಬರೆದ ಜೀವನಚರಿತ್ರೆ ಮತ್ತೆ ತೆಗೆದೆ. ಬಿಎ ಓದುವಾಗ ಹಾಸ್ಟೆಲಲ್ಲಿ ಓದಿದ್ದೆ, ಆದ್ರೆ ಆಗ ಹೋರಾಟದ ಪುಟಗಳನ್ನ ಮಾತ್ರ ನುಂಗಿದ್ದೆ, ಕೋರ್ಟಿನ ಪುಟಗಳನ್ನ ಹಾರಿಸಿದ್ದೆ.

1922ರಲ್ಲಿ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಆದರು. 1923ರಲ್ಲಿ ಬಾಂಬೆಗೆ ವಾಪಸ್ಸು ಬಂದು ಹೈಕೋರ್ಟಿನಲ್ಲಿ ವಕೀಲಿಗೆ ಸನ್ನದು ತಗೋಬೇಕು. ಅದಕ್ಕೆ ಕಟ್ಟೋ ದುಡ್ಡು ಇರಲಿಲ್ಲ. ಕೊಲಂಬಿಯಾದಲ್ಲಿ ಓದಿ, ಲಂಡನ್ನಲ್ಲಿ ಓದಿ, ಬ್ಯಾರಿಸ್ಟರ್ ಆಗಿ ಬಂದವರ ಹತ್ರ ಸನ್ನದಿನ ದುಡ್ಡಿಲ್ಲ! ಪಾರ್ಸಿ ಗೆಳೆಯ ನವಲ್ ಭಥೇನಾ ಕೊಟ್ಟರು. ಪರೇಲಿನ ಚಾಳಿನಲ್ಲಿ ಎರಡು ಕೋಣೆ ಮನೆ.

ಈಗ ಕೋರ್ಟಿನ ಒಳಗೆ ಬನ್ನಿ. ಬಾಂಬೆ ಹೈಕೋರ್ಟಿನಲ್ಲಿ ಒರಿಜಿನಲ್ ಸೈಡ್, ಅಪೆಲೇಟ್ ಸೈಡ್ ಅಂತ ಎರಡು. ವ್ಯಾಪಾರಸ್ಥರ ದೊಡ್ಡ ದುಡ್ಡಿನ ಕೇಸೆಲ್ಲ ಒರಿಜಿನಲ್ ಸೈಡಿನಲ್ಲಿ. ಅಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರ್ ಹತ್ರ ಹೋಗೋ ಹಾಗಿಲ್ಲ. ನಡುವೆ ಸಾಲಿಸಿಟರ್ ಇರ್ತಾನೆ. ಕೇಸಿನ ಕಾಗದ ಕಟ್ಟಿ ಯಾವ ಬ್ಯಾರಿಸ್ಟರಿಗೆ ಕೊಡಬೇಕು ಅನ್ನೋದು ಅವನ ಕೈಲಿ. ಆ ಕಟ್ಟಿಗೆ ಬ್ರೀಫ್ ಅಂತಾರೆ. ಮಹಾರ್ ಬ್ಯಾರಿಸ್ಟರಿಗೆ ಬ್ರೀಫ್ ಕೊಡೋ ಸಾಲಿಸಿಟರ್ ಯಾರು? "ನಿನ್ನನ್ನ ಮುಟ್ಟಲ್ಲ" ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಬ್ರೀಫ್ ಬರ್ತಿರಲಿಲ್ಲ ಅಷ್ಟೇ. ಹಳ್ಳಿ ಹೋಟೆಲಲ್ಲಿ ನಮಗೆ ಲೋಟ ಬೇರೆ ಇಡ್ತಾರೆ, ಅದು ಕಣ್ಣಿಗೆ ಕಾಣ್ತದೆ, ಫೋಟೋ ತೆಗೀಬಹುದು. ಬಾರದೆ ಇರೋ ಬ್ರೀಫಿನ ಫೋಟೋ ತೆಗೆಯೋದು ಹೇಗೆ?

ಹಂಗಾಗಿ ಅವರು ಅಪೆಲೇಟ್ ಸೈಡು, ಹೊರಊರಿನ ಜಿಲ್ಲಾ ಕೋರ್ಟುಗಳು, ಬಡವರ ಸಣ್ಣಪುಟ್ಟ ಕೇಸುಗಳು ಹಿಡಿದರು. ಸಂಸಾರ ನಡೀಬೇಕಲ್ಲ, 1925ರಿಂದ ಬಾಟ್ಲಿಬಾಯಿ ಅಕೌಂಟೆನ್ಸಿ ಸಂಸ್ಥೆಯಲ್ಲಿ ವ್ಯಾಪಾರಿ ಕಾನೂನು ಪಾಠ ಹೇಳಿದರು. ನನ್ನಂಥ ಗುಮಾಸ್ತನಿಗೆ ಇದು ಚೆನ್ನಾಗಿ ಅರ್ಥ ಆಗ್ತದೆ. ತಿಂಗಳ ಕೊನೆ ವಾರದ ಲೆಕ್ಕ ಬಾಬಾಸಾಹೇಬರಿಗೂ ಇತ್ತು.

ಮೊದಲ ದೊಡ್ಡ ಕೇಸು 1926ರದು. ಪುಣೆಯ ಬ್ರಾಹ್ಮಣೇತರ ಚಳವಳಿಯ ದಿನಕರರಾವ್ ಜವಳ್ಕರ್ 'ದೇಶಾಚೆ ದುಷ್ಮನ್' ಅಂತ ಒಂದು ಪುಸ್ತಕ ಬರೆದ್ರು, ದೇಶದ ಶತ್ರುಗಳು ಅಂತ. ತಿಲಕ್, ಚಿಪಳೂಣಕರ್ ಇಬ್ಬರನ್ನೂ ಚೆನ್ನಾಗಿ ಝಾಡಿಸಿದ್ದ ಪುಸ್ತಕ. ಮಾನನಷ್ಟದ ಕೇಸು ಬಿತ್ತು. ಜವಳ್ಕರ್, ಕೇಶವರಾವ್ ಜೇಧೆ ಮತ್ತೆ ಜೊತೆಯವರಿಗೆ ಕೆಳಗಿನ ಕೋರ್ಟಲ್ಲಿ ಶಿಕ್ಷೆಯೂ ಆಯ್ತು. ಮೇಲ್ಮನವಿ ನಡೆಸಿದ್ದು ಮೂರು ವರ್ಷದ ಹಿಂದಷ್ಟೇ ಸನ್ನದು ತಗೊಂಡಿದ್ದ ಅಂಬೇಡ್ಕರ್. ಊರು ಪುಣೆ, ಎದುರಿಗೆ ಪುಣೆಯ ಹೆಸರಾಂತ ವಕೀಲ ಎಲ್.ಬಿ. ಭೋಪಟ್ಕರ್. ಅಕ್ಟೋಬರಿನಲ್ಲಿ ಸೆಷನ್ಸ್ ಕೋರ್ಟು ಎಲ್ಲರನ್ನೂ ಬಿಡುಗಡೆ ಮಾಡಿತು. ಅವತ್ತಿಂದ ಬಾಂಬೆ ಪ್ರಾಂತ್ಯದಲ್ಲಿ ಆ ಹೆಸರು ವಕೀಲನ ಹೆಸರಾಗಿ ಓಡಾಡಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಠಾಣೆಯ ಕೇಸು. 1928ರ ಅಕ್ಟೋಬರು. ಪುಣೆಯಲ್ಲಿ ಸೈಮನ್ ಕಮಿಷನ್ ಮುಂದೆ ಶೋಷಿತರ ಪರವಾಗಿ ಹೇಳಿಕೆ ಕೊಡೋದಿದೆ. ಇಡೀ ದೇಶದ ಅಸ್ಪೃಶ್ಯರ ಹಣೆಬರಹದ ಪ್ರಶ್ನೆ ಅದು. ಅದೇ ಹೊತ್ತಿಗೆ ಠಾಣೆಯ ಸೆಷನ್ಸ್ ಕೋರ್ಟಿನಲ್ಲಿ ಒಂದು ಕೇಸು ಕೊನೆ ಹಂತಕ್ಕೆ ಬಂದಿದೆ. ಆರೋಪಿಗಳ ಪರ ವಕೀಲರು ಇವರು. ಶಿಕ್ಷೆಯಾದ್ರೆ ಅವರು ನೇಣಿಗೆ ಹೋಗಬಹುದು. ನಾವಾಗಿದ್ರೆ ಏನು ಮಾಡ್ತಿದ್ವಿ? "ಜೂನಿಯರ್ ನೋಡ್ಕೋತಾನೆ, ನನಗೆ ಕಮಿಷನ್ ಮೀಟಿಂಗ್ ಇದೆ" ಅಂತ ಹೊರಟುಬಿಡ್ತಿದ್ವಿ. ಹೊರಟ ಫೋಟೋವನ್ನೂ ಹಾಕ್ತಿದ್ವಿ. ಅಂಬೇಡ್ಕರ್ ಜಡ್ಜಿಗೆ ಒಂದು ಮನವಿ ಮಾಡಿದರು. ಪದ್ಧತಿ ಪ್ರಕಾರ ಸರ್ಕಾರಿ ವಕೀಲರು ಮೊದಲು ವಾದ ಮುಗಿಸಬೇಕು, ಆಮೇಲೆ ಆರೋಪಿ ಪರ ವಕೀಲರದ್ದು. ನನಗೆ ಮೊದಲೇ ವಾದ ಮಾಡೋಕೆ ಬಿಡಿ ಅಂದ್ರು. ಎದುರಾಳಿ ಏನು ಹೇಳ್ತಾನೆ ಅಂತ ಕೇಳಿಸಿಕೊಳ್ಳದೇನೇ ಅದಕ್ಕೆ ಉತ್ತರ ಕೊಡೋ ಕೆಲಸ ಅದು! ಕೊಟ್ಟರು. ವಾದ ಮುಗಿಸಿ ಪುಣೆಗೆ ಹೋದರು. ಆರೋಪಿಗಳಲ್ಲಿ ಹೆಚ್ಚಿನವರು ಬಿಡುಗಡೆ ಆದರು ಅಂತ ಕೀರ್ ಬರೀತಾರೆ.

ಆ ಕಕ್ಷಿದಾರರ ಹೆಸರು ಚರಿತ್ರೆಗೆ ಬೇಕಿಲ್ಲ, ಕಮಿಷನ್ ಬೇಕು. ಅವರಿಗೆ ಎರಡೂ ಬೇಕಿತ್ತು.

1934ರಲ್ಲಿ ಇನ್ನೊಂದು. ರ.ಧೋ. ಕರ್ವೆ ಅಂತ ಒಬ್ಬ ಬ್ರಾಹ್ಮಣ, ಮಹರ್ಷಿ ಕರ್ವೆಯವರ ಮಗ. 'ಸಮಾಜ ಸ್ವಾಸ್ಥ್ಯ' ಅಂತ ಪತ್ರಿಕೆ ಮಾಡಿ ಲೈಂಗಿಕ ಶಿಕ್ಷಣ, ಸಂತಾನ ನಿಯಂತ್ರಣದ ಬಗ್ಗೆ ಬರೀತಿದ್ದರು. ಓದುಗರ ಪ್ರಶ್ನೆಗೆ ಕೊಟ್ಟ ಉತ್ತರ ಅಶ್ಲೀಲ ಅಂತ ಕೇಸಾಯ್ತು. ಊರಿನ ಮರ್ಯಾದಸ್ಥರು ಹತ್ರ ಸುಳಿಯದಂಥ ಕೇಸು. ಅಂಬೇಡ್ಕರ್ ಕೈಗೆತ್ತಿಕೊಂಡರು, ಜನ ತಿಳ್ಕೊಳ್ಳೋಕೆ ಕೇಳಿದ ಪ್ರಶ್ನೆಗೆ ಉತ್ತರ ಕೊಡೋದು ಅಪರಾಧ ಹೇಗಾಗ್ತದೆ ಅಂತ ವಾದ ಮಾಡಿದರು. ಸೋತರು. ಕರ್ವೆಗೆ 200 ರೂಪಾಯಿ ದಂಡ ಬಿತ್ತು. ಸೋತ ಕೇಸನ್ನೂ ಹೇಳಬೇಕು ಅಂತ ಹೇಳ್ತಿದ್ದೀನಿ. ಗೆಲ್ಲೋ ಕೇಸು ಮಾತ್ರ ಹಿಡಿಯೋದು ಬೇರೆ ಥರದ ವಕೀಲರ ಕೆಲಸ. ಮುಂದಿನ ವರ್ಷವೇ, 1935ರಲ್ಲಿ, ಬಾಂಬೆಯ ಸರ್ಕಾರಿ ಕಾನೂನು ಕಾಲೇಜಿಗೆ ಪ್ರಿನ್ಸಿಪಾಲರಾದರು. ಅವರಿಗೆ ಬ್ರೀಫ್ ಕೊಡದ ಊರಿನಲ್ಲೇ.

ಈಗ ಮಹಾಡ್. ಇದು ಎಲ್ಲರಿಗೂ ಗೊತ್ತು ಅಂತ ಅಂದ್ಕೊಂಡಿದ್ದೀವಿ. ಗೊತ್ತಿರೋದು ಅರ್ಧ.

1927ರ ಮಾರ್ಚ್ 20 ಚವದಾರ್ ಕೆರೆ ನೀರು ಮುಟ್ಟಿದ್ದು ಗೊತ್ತು. ಡಿಸೆಂಬರ್ 25 ಮನುಸ್ಮೃತಿ ಸುಟ್ಟಿದ್ದು ಗೊತ್ತು. ಪ್ರತಿ ವರ್ಷ ಎರಡೂ ದಿನ ನಾವು ಕಾರ್ಯಕ್ರಮ ಮಾಡ್ತೀವಿ. ಡಿಸೆಂಬರಿನಲ್ಲಿ ಯಾಕೆ ಎರಡನೇ ಸಲ ಕೆರೆಗೆ ಇಳಿಯಲಿಲ್ಲ? ಸಾವಿರಾರು ಜನ ಜೈಲಿಗೆ ಹೋಗೋಕೆ ತಯಾರಾಗಿ ಬಂದಿದ್ದರು. ಆದ್ರೆ ಸಮ್ಮೇಳನಕ್ಕೆ ಹತ್ತು ದಿನ ಇರುವಾಗ ಸವರ್ಣರು ಮಹಾಡಿನ ಸಿವಿಲ್ ಕೋರ್ಟಿಗೆ ಹೋಗಿ, ಈ ಕೆರೆ ನಮ್ಮ ಖಾಸಗಿ ಸ್ವತ್ತು, ಅಸ್ಪೃಶ್ಯರು ಮುಟ್ಟಬಾರದು ಅನ್ನೋದು ಅನಾದಿ ಕಾಲದ ಪದ್ಧತಿ ಅಂತ ದಾವೆ ಹಾಕಿ ತಡೆಯಾಜ್ಞೆ ತಂದಿದ್ದರು. ಅಂಬೇಡ್ಕರ್ ಕೂಡ ಆ ದಾವೆಯಲ್ಲಿ ಪ್ರತಿವಾದಿ. ಅವರು ಜನರನ್ನ ಕರೆದುಕೊಂಡು ಕೆರೆ ಸುತ್ತ ಮೆರವಣಿಗೆ ಹೋದರು, ನೀರಿಗೆ ಇಳಿಯಲಿಲ್ಲ. ಕೋರ್ಟಲ್ಲಿ ನೋಡ್ಕೋತೀವಿ ಅಂದರು. ಆ ಜನಕ್ಕೆ ಅದನ್ನ ಒಪ್ಪಿಸೋದು ಎಷ್ಟು ಕಷ್ಟ ಆಗಿರಬೇಕು ಅಂತ ಹೋರಾಟ ಮಾಡಿದವರಿಗೆ ಗೊತ್ತು.

ಆಮೇಲೆ ಶುರುವಾಗಿದ್ದು ವಾಯಿದೆ. ಮಹಾಡಿನ ಕೋರ್ಟು ತೀರ್ಪು ಕೊಟ್ಟಿದ್ದು 1931ರಲ್ಲಿ, ನಮ್ಮವರ ಪರ. ಅವರು ಠಾಣೆಗೆ ಮೇಲ್ಮನವಿ ಹೋದರು, 1933ರಲ್ಲಿ ವಜಾ. ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ಕ್ಕೆ ಅಲ್ಲೂ ವಜಾ. ಹತ್ತಿರಹತ್ತಿರ ಹತ್ತು ವರ್ಷ. ಹೈಕೋರ್ಟಿನ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನ್ಯಾಯಮೂರ್ತಿ ಬ್ರೂಮ್‌ಫೀಲ್ಡ್. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟ ಅದೇ ಜಡ್ಜು. ಚರಿತ್ರೆಗೆ ಒಮ್ಮೊಮ್ಮೆ ಇಂಥ ಚೇಷ್ಟೆ.

ಆ ಕೇಸು ಗೆದ್ದಿದ್ದು ಯಾವುದರಿಂದ? ಭಾಷಣದಿಂದ ಅಲ್ಲ. ಕೆರೆ ಜಾಗ ಪುರಸಭೆಯದು ಅನ್ನೋ ದಾಖಲೆಯಿಂದ. ಮುಸಲ್ಮಾನರು ಅದೇ ನೀರು ಬಳಸ್ತಿದ್ದರು ಅನ್ನೋ ಸಂಗತಿಯಿಂದ. ಅನಾದಿ ಪದ್ಧತಿ ಅಂತ ಹೇಳ್ತೀರಲ್ಲ, ಅದನ್ನ ಸಾಬೀತು ಮಾಡಿ ಅಂತ ಕೇಳಿದ್ದರಿಂದ. ಸಾವಿರಾರು ವರ್ಷದ್ದು ಅಂತ ಬೀಗ್ತಿದ್ದ ಪದ್ಧತಿಗೆ ಕೋರ್ಟು ಪುರಾವೆ ಕೇಳ್ತು, ಅವರು ಕೊಡೋಕಾಗಲಿಲ್ಲ. ನಾನು ದಿನಾ ಕಡತ ಹಿಡಿಯೋ ಮನುಷ್ಯ. ಒಂದು ಸರ್ವೆ ದಾಖಲೆ ಮನುಸ್ಮೃತಿಗಿಂತ ಭಾರ ತೂಗಿದ ಜಾಗ ಇದು. ನಮ್ಮ ಯಾವ ಹಾಡಲ್ಲೂ ಅದು ಇಲ್ಲ.

ಇಷ್ಟು ಹೇಳಿ ಈಗ ನಮ್ಮ ಮನೆ ಕತೆಗೆ ಬರ್ತೀನಿ. ಹೇಳೋಕೆ ನಾಚಿಕೆ ಆಗ್ತದೆ.

ಹದಿನೈದು ವರ್ಷದ ಹಿಂದೆ ನಮ್ಮೂರಲ್ಲಿ ನೀರಿನ ತೊಂಬೆ ಹತ್ರ ಜಗಳ ಆಯ್ತು. ನಮ್ಮ ಕೇರಿ ನಲ್ಲಿ ಕೆಟ್ಟಿತ್ತು, ನಮ್ಮ ಚಿಕ್ಕಮ್ಮ ಮೇಲಿನ ಬೀದಿ ತೊಂಬೆಗೆ ಬಿಂದಿಗೆ ಇಟ್ಟಳು. ಬಿಂದಿಗೆ ಒದ್ದರು, ಜಾತಿ ಹಿಡಿದು ಬೈದರು, ಬಿಡಿಸೋಕೆ ಹೋದ ಚಿಕ್ಕಪ್ಪನ ಕೈ ಮುರಿದರು. ನಾವು ಸುಮ್ಮನಿರಲಿಲ್ಲ. ರಸ್ತೆ ತಡೆ ಮಾಡಿದ್ವಿ. ತಹಸೀಲ್ದಾರ್ ಬಂದರು, ಡಿವೈಎಸ್ಪಿ ಬಂದರು. ಎಫ್‌ಐಆರ್ ಆಯ್ತು, ಅಟ್ರಾಸಿಟಿ ಕಾಯ್ದೆ ಹಾಕಿಸಿದ್ವಿ. ಪೇಪರಲ್ಲಿ ಫೋಟೋ ಬಂತು, ನನ್ನ ಮುಖ ಮುಂದೇ ಇತ್ತು. ಆ ಪೇಪರ್ ಕತ್ತರಿಸಿ ಇಟ್ಟುಕೊಂಡಿದ್ದೆ.

ಕೇಸು ನಾಲ್ಕೂವರೆ ವರ್ಷ ನಡೀತು. ವಾಯಿದೆ ಮೇಲೆ ವಾಯಿದೆ. ಒಂದು ಸಲ ಜಡ್ಜು ರಜೆ, ಇನ್ನೊಂದು ಸಲ ಆರೋಪಿ ಪರ ವಕೀಲರಿಗೆ ಹುಷಾರಿಲ್ಲ, ಮತ್ತೊಂದು ಸಲ ಸಮನ್ಸೇ ಮುಟ್ಟಿಲ್ಲ. ಚಿಕ್ಕಪ್ಪ ಪ್ರತಿ ಸಲ ಕೂಲಿ ಬಿಟ್ಟು, ಬಸ್ ಚಾರ್ಜು ಹಾಕ್ಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗ್ತಿದ್ದ. ಸಾಕ್ಷಿಗಳು ಮೂರು ಜನ, ಮೂವರೂ ಆರೋಪಿಗಳ ಹೊಲದಲ್ಲೇ ಕೂಲಿ ಮಾಡೋರು. ಮೊದಲನೆಯವನು ಪಾಟೀ ಸವಾಲಿನಲ್ಲಿ "ನಾನು ಆವತ್ತು ಊರಲ್ಲೇ ಇರಲಿಲ್ಲ" ಅಂದ. ಎರಡನೆಯವಳು "ಕತ್ತಲಾಗಿತ್ತು, ಯಾರು ಅಂತ ಕಾಣಲಿಲ್ಲ" ಅಂದಳು. ಜಗಳ ಆಗಿದ್ದು ಬೆಳಿಗ್ಗೆ ಎಂಟು ಗಂಟೆಗೆ. ಮೂರನೆಯವನ ಸಾಕ್ಷಿ ಇದ್ದ ದಿನ ನಾನು ಬೆಂಗಳೂರಲ್ಲಿ ಫ್ರೀಡಂ ಪಾರ್ಕಿನ ಧರಣೀಲಿದ್ದೆ, ಬೇರೆ ಜಿಲ್ಲೆಯ ದೌರ್ಜನ್ಯದ ವಿರುದ್ಧ ಘೋಷಣೆ ಕೂಗ್ತಾ. ಅವನೂ ಉಲ್ಟಾ ಹೊಡೆದ. ಎಲ್ಲರೂ ಖುಲಾಸೆ.

ಆಮೇಲೆ ಅವನನ್ನ ಬೈಯೋಕೆ ಹೋದೆ. ಅವನು ಸಿಟ್ಟು ಮಾಡ್ಕೊಳ್ಳಲಿಲ್ಲ. "ನೀನು ಫೋಟೋಕ್ಕೆ ಬಂದಿದ್ದೆ ಕಣಪ್ಪ. ವಾಯಿದೆಗೆ ಯಾರು ಬಂದ್ರಿ? ನಾನೊಬ್ಬನೇ ಕೋರ್ಟ್ ಬಾಗಿಲಲ್ಲಿ ನಿಂತಿದ್ದೆ. ಅವರ ಕಡೆಯೋರು ಹನ್ನೆರಡು ಜನ ಸುತ್ತ ನಿಂತಿದ್ರು" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಚಿಕ್ಕಪ್ಪ ತೀರಿಕೊಂಡ. ಚಿಕ್ಕಮ್ಮ ಇವತ್ತಿಗೂ ಮೇಲಿನ ಬೀದಿಗೆ ಹೋಗಲ್ಲ.

ಇದು ಬರೀ ನಮ್ಮೂರ ಕತೆ ಅಂದ್ಕೋಬೇಡಿ. ಕಂಬಾಲಪಲ್ಲಿ ನೆನಪಿದೆಯಲ್ಲ? 2000ದ ಮಾರ್ಚ್ 11. ಏಳು ಜನ ನಮ್ಮವರನ್ನ ಜೀವಂತ ಸುಟ್ಟರು. ರಾಜ್ಯವೆಲ್ಲ ಬೀದಿಗೆ ಬಂತು. ಆದ್ರೆ 2006ರಲ್ಲಿ ಕೆಳಗಿನ ಕೋರ್ಟಲ್ಲಿ ಎಲ್ಲರೂ ಖುಲಾಸೆ, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿ ಹಿಡೀತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಸುಟ್ಟ ಮನೆ ಇತ್ತು, ಹೆಣ ಇದ್ದವು, ಸುಟ್ಟೋರು ಮಾತ್ರ ಕಾಗದದಲ್ಲಿ ಯಾರೂ ಇರಲಿಲ್ಲ. ಮರಕುಂಬಿಯಲ್ಲಿ ಬೇರೆ ಆಯ್ತು. 2014ರ ಗಲಾಟೆಗೆ 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನಕ್ಕೆ ಜೀವಾವಧಿ ಕೊಡ್ತು. ನಾವೆಲ್ಲ ಸ್ಟೇಟಸ್ ಹಾಕಿದ್ವಿ. ಒಂದು ತಿಂಗಳೊಳಗೆ ಹೈಕೋರ್ಟಿನಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಜಾಮೀನು ಸಿಕ್ತು, ಆಗ ಸ್ಟೇಟಸ್ ಹಾಕಿದೋರು ಕಮ್ಮಿ. ಮೇಲ್ಮನವಿಯ ವಾಯಿದೆ ಯಾವತ್ತಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಕಾನೂನಿನಲ್ಲಿ ನಮಗೆ ಏನಿದೆ ಅಂತಾನೂ ನಾವು ನೋಡಿಲ್ಲ. 1995ರ ನಿಯಮಗಳ 11ನೇ ನಿಯಮ ಪ್ರಕಾರ ಸಂತ್ರಸ್ತರಿಗೆ ಮಾತ್ರ ಅಲ್ಲ, ಸಾಕ್ಷಿಗಳಿಗೂ ಬಸ್ಸು ರೈಲು ಚಾರ್ಜು ಮತ್ತು ದಿನಭತ್ಯೆ ಕೊಡಬೇಕು. ಆ ಭತ್ಯೆ ಕೃಷಿ ಕೂಲಿಯ ಕನಿಷ್ಠ ವೇತನಕ್ಕಿಂತ ಕಮ್ಮಿ ಇರೋ ಹಾಗಿಲ್ಲ. ನಮ್ಮ ಚಿಕ್ಕಪ್ಪ ನಾಲ್ಕೂವರೆ ವರ್ಷ ಕೈಯಿಂದ ಹಾಕ್ಕೊಂಡ. ಅರ್ಜಿ ಬರೆದುಕೊಡೋಕೆ ಮನೇಲೇ ಒಬ್ಬ ಗುಮಾಸ್ತ ಇದ್ದ, ಅವನಿಗೆ ನಿಯಮ ಗೊತ್ತಿರಲಿಲ್ಲ. 4ನೇ ನಿಯಮದಲ್ಲಿ ಸಂತ್ರಸ್ತರು ಬಯಸಿದ್ರೆ ಜಿಲ್ಲಾಧಿಕಾರಿ ಹಿರಿಯ ವಕೀಲರನ್ನ ಸರ್ಕಾರದ ಖರ್ಚಲ್ಲಿ ನೇಮಿಸಬಹುದು. 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ 15ಎ ಕಲಂ ಓದಿ. ಜಾಮೀನು ಅರ್ಜಿ ಬಂದ್ರೂ ಸಂತ್ರಸ್ತರಿಗೆ ನೋಟಿಸ್ ಕೊಡಬೇಕು, ಅವರ ಮಾತು ಕೇಳಬೇಕು. ಸಂಘಟನೆಗಳ, ಸಾಮಾಜಿಕ ಕಾರ್ಯಕರ್ತರ, ವಕೀಲರ ನೆರವು ತಗೊಳ್ಳೋದು ಸಂತ್ರಸ್ತರ ಹಕ್ಕು ಅಂತ ಅದರಲ್ಲೇ ಬರೆದಿದೆ. ಅಂದ್ರೆ ನಾವು ಕೋರ್ಟಿಗೆ ಬರೋದಕ್ಕೆ ಕಾನೂನೇ ಜಾಗ ಮಾಡಿಕೊಟ್ಟಿದೆ.

ಇನ್ನೊಂದು ಮಾತು, ಇದಕ್ಕೆ ಕೆಲವರಿಗೆ ಸಿಟ್ಟು ಬರ್ತದೆ. ಬರಲಿ.

ಆ ಪ್ರಶ್ನೆ ಕೇಳಿದ ಹುಡುಗನ್ನ ಆಮೇಲೆ ಟೀ ಅಂಗಡೀಲಿ ಕೂರಿಸಿಕೊಂಡು ಕೇಳಿದೆ, ಪ್ರಾಕ್ಟೀಸು ಹೇಗಿದೆ ಅಂತ. ನಕ್ಕ. "ಅಫಿಡವಿಟ್ ಟೈಪ್ ಮಾಡಿಸಿ ಕೊಡ್ತೀನಿ ಅಣ್ಣಾ. ಸೀನಿಯರ್ ಬಸ್ ಚಾರ್ಜ್ ಕೊಡ್ತಾರೆ. ನಮ್ಮೋರು ಅಟ್ರಾಸಿಟಿ ಕೇಸಿಗೆ, ಫೀಸಿಲ್ಲದ ಕೇಸಿಗೆ ಬರ್ತಾರೆ. ಜಮೀನು, ಸೈಟಿನ ಕೇಸಿದ್ರೆ ದೊಡ್ಡ ವಕೀಲರ ಆಫೀಸಿಗೆ ಹೋಗ್ತಾರೆ." ನನ್ನ ಟೀ ಗಂಟಲಲ್ಲೇ ನಿಂತಿತು. ಯಾಕಂದ್ರೆ ನಮ್ಮ ಅಣ್ಣತಮ್ಮಂದಿರ ಸೈಟಿನ ವಿಭಾಗದ ಕೇಸು ಇದೆ, ಅದನ್ನ ನಾನು ಕೊಟ್ಟಿರೋದು ಊರಿಗೆಲ್ಲ ಹೆಸರಾದ ಮೇಲ್ಜಾತಿ ವಕೀಲರಿಗೆ. "ಅವರಾದ್ರೆ ಜಡ್ಜು ಕೇಳ್ತಾರೆ" ಅಂತ ನಾನೇ ಅಂದಿದ್ದೆ. ಬಾಂಬೆಯ ಸಾಲಿಸಿಟರುಗಳೂ ಇದನ್ನೇ ಅಂದಿರಬೇಕು.

ಡಾಕ್ಟರು, ಇಂಜಿನಿಯರು, ನನ್ನಂಥ ನೌಕರರು, ರಿಯಲ್ ಎಸ್ಟೇಟ್ ಮಾಡೋರು, ಗುತ್ತಿಗೆದಾರರು ನಮ್ಮಲ್ಲೂ ಈಗ ಇದ್ದೀವಿ. ದುಡ್ಡಿನ ಕೇಸು ನಮ್ಮ ಹತ್ರಾನೂ ಇವೆ. ಅವು ಎಲ್ಲಿಗೆ ಹೋಗ್ತಿವೆ? ನಮ್ಮ ಹುಡುಗರು ಪಾಟೀ ಸವಾಲು ಕಲಿಯೋದು ಎಲ್ಲಿ? ಕೇಸು ಕೈಗೆ ಬರದೆ ವಕೀಲ ತಯಾರಾಗಲ್ಲ. 1926ರಲ್ಲಿ ಜೇಧೆ, ಜವಳ್ಕರ್ ಕೂಡ ಪುಣೆಯಲ್ಲಿ ಯಾವುದಾದ್ರೂ 'ದೊಡ್ಡ' ವಕೀಲರನ್ನ ಹುಡುಕಬಹುದಿತ್ತು. ಮೂರು ವರ್ಷದ ಪ್ರಾಕ್ಟೀಸಿನ ಮಹಾರ್ ಬ್ಯಾರಿಸ್ಟರ್ ಕೈಗೆ ತಮ್ಮ ಜೈಲಿನ ಪ್ರಶ್ನೆ ಇಟ್ಟರು. ಅವರು ಶೂದ್ರರು, ದಲಿತರಲ್ಲ. ಅವರು ಇಟ್ಟ ನಂಬಿಕೆ ನಮ್ಮವರ ಮೇಲೆ ನಾವು ಇಟ್ಟಿಲ್ಲ.

ಬೀದಿ ಹೋರಾಟ ಬಿಡಿ ಅಂತ ನಾನು ಹೇಳ್ತಿಲ್ಲ, ಕಾಮೆಂಟಲ್ಲಿ ಹಂಗೆ ತಿರುಚಬೇಡಿ. ರಸ್ತೆ ತಡೆ ಮಾಡದಿದ್ರೆ ಆ ಎಫ್‌ಐಆರ್ ಕೂಡ ಆಗ್ತಿರಲಿಲ್ಲ. "ಕೋರ್ಟಲ್ಲೂ ಅವರೇ ಕೂತಿದ್ದಾರೆ, ಅಲ್ಲಿ ನ್ಯಾಯ ಸಿಗಲ್ಲ" ಅಂತ ಗೆಳೆಯರೊಬ್ಬರು ಯಾವಾಗಲೂ ಹೇಳ್ತಾರೆ. ಅರ್ಧ ಸತ್ಯ ಅದು, ಕಂಬಾಲಪಲ್ಲಿ ನೋಡಿದ ಮೇಲೆ ಸುಳ್ಳು ಅನ್ನೋಕಾಗಲ್ಲ. ಆದ್ರೆ 1927ರಲ್ಲಿ ಕೂತಿದ್ದೋರು ಯಾರು? ಆಗ ನಮಗೆ ಸಂವಿಧಾನ ಇರಲಿಲ್ಲ, 17ನೇ ವಿಧಿ ಇರಲಿಲ್ಲ, ಅಟ್ರಾಸಿಟಿ ಕಾಯ್ದೆ ಇರಲಿಲ್ಲ. ಅದೆಲ್ಲ ಇಲ್ಲದೇ ಹತ್ತು ವರ್ಷ ವಾಯಿದೆ ತಪ್ಪಿಸದೆ ಕೆರೆ ಗೆದ್ದರು.

ನಾನು ಮಾಡೋದು ಸಣ್ಣ ಕೆಲಸ. ನಮ್ಮ ಜಿಲ್ಲೆಯ ವಿಶೇಷ ನ್ಯಾಯಾಲಯದಲ್ಲಿ ನಡೀತಿರೋ ಅಟ್ರಾಸಿಟಿ ಕೇಸುಗಳ ಪಟ್ಟಿ ಇ-ಕೋರ್ಟ್ ಆ್ಯಪಿನಲ್ಲಿ ತೆಗೆದು ಒಂದು ನೋಟ್‌ಬುಕ್ಕಿನಲ್ಲಿ ಬರೀತಿದ್ದೀನಿ, ವಾಯಿದೆ ಸಮೇತ. ಪ್ರತಿ ಸಾಕ್ಷಿ ವಿಚಾರಣೆ ದಿನ ನಮ್ಮ ಕಡೆಯಿಂದ ಕನಿಷ್ಠ ಐದು ಜನ ಕೋರ್ಟಿನ ಆವರಣದಲ್ಲಿ ಇರಬೇಕು. ಏನು ಹೇಳಬೇಕು ಅಂತ ಸಾಕ್ಷಿಗೆ ಯಾರೂ ಹೇಳಿಕೊಡೋ ಹಾಗಿಲ್ಲ, ಅದು ತಪ್ಪು, ಕೇಸಿಗೂ ಕೆಟ್ಟದ್ದು. ಅವರು ಒಬ್ಬಂಟಿಯಾಗಿ ನಿಲ್ಲಬಾರದು ಅಷ್ಟೇ. ಭತ್ಯೆ ಅರ್ಜಿ ನಾನು ಬರೆದುಕೊಡ್ತೀನಿ. ನಮ್ಮ ಸೈಟಿನ ಕೇಸನ್ನ ಆ ಹುಡುಗನಿಗೆ ಕೊಡೋಣ ಅಂತ ಅಣ್ಣನ ಹತ್ರ ಮಾತಾಡಿದೆ. ಅಣ್ಣ ಇನ್ನೂ ಒಪ್ಪಿಲ್ಲ.

ಮುಂದಿನ ಸೋಮವಾರ ಒಬ್ಬ ಹೆಣ್ಣುಮಗಳ ಸಾಕ್ಷಿ ಇದೆ. ಊರಿನ ಹೆಸರು ಇಲ್ಲಿ ಹಾಕಲ್ಲ. ನಾನು ರಜೆ ಅರ್ಜಿ ಕೊಟ್ಟಾಗಿದೆ, ಬೆಳಿಗ್ಗೆ ಹತ್ತು ಗಂಟೆಗೆ ಕೋರ್ಟಿನ ಹಿಂದೆ ಕ್ಯಾಂಟೀನ್ ಹತ್ರ ಇರ್ತೀನಿ. ಬರೋರು ಇನ್‌ಬಾಕ್ಸಿಗೆ ಬನ್ನಿ. ನೀಲಿ ಶಾಲು, ಬ್ಯಾನರು, ಕ್ಯಾಮೆರಾ ಬೇಡ. ಊಟದ ಡಬ್ಬಿ ತನ್ನಿ, ಸಂಜೆ ಆಗಬಹುದು.

ಜೈ ಭೀಮ್.